ಸಂಜೆಯ ಡ್ರೈವಿಂಗ್ ಕಾಲ್

ನಿನ್ನೆ ಸಂಜೆ ಆಫೀಸಿನ ಪಾರ್ಕಿಂಗಿನಲ್ಲಿ ಕಾರು ಸ್ಟಾರ್ಟ್ ಮಾಡಿದೆ. ಸೀಟ್ ಬೆಲ್ಟ್ ಹಾಕಿಕೊಳ್ಳುವಷ್ಟರಲ್ಲಿ ಎದುರಿನ ಪರದೆ ತಾನಾಗಿಯೇ ಶಿವಾನಂದರ ಹೆಸರು ತೋರಿಸಿ, ಇವರಿಗೆ ಫೋನ್ ಮಾಡಲೇ ಎಂದು ಕೇಳಿತು. ನಾನೇನೂ ಹೇಳಿರಲಿಲ್ಲ. ಈ ಮನುಷ್ಯ ದಿನಾ ಈ ಹೊತ್ತಿಗೆ ಯಾರ ತಲೆ ತಿನ್ನುತ್ತಾನೆ ಎನ್ನುವುದು ಕಾರಿಗೂ ಗೊತ್ತಾಗಿಬಿಟ್ಟಿದೆ. ನನ್ನ ಹೆಂಡತಿಗೂ ಗೊತ್ತಿದೆ. ಆದರೆ ಆಕೆ ಕೇಳುವ ಧಾಟಿ ಬೇರೆ.

ನೀವು ಟೆಕ್ಸಾಸಿನಲ್ಲಿ ಇದ್ದವರಲ್ಲದಿದ್ದರೆ ಡ್ರೈವಿಂಗ್ ಕಾಲ್ ಎಂದರೇನು ಎಂದು ಹೇಳಿಬಿಡುತ್ತೇನೆ. ಆಸ್ಟಿನ್ ಪಕ್ಕದ ನಮ್ಮ ಸೀಡರ್ ಪಾರ್ಕಿನಲ್ಲಿ ಕೊತ್ತಂಬರಿ ಸೊಪ್ಪು ಬೇಕಾದರೂ ಕಾರು ತೆಗೆಯಬೇಕು. ಮನೆಯಲ್ಲಿ ಮಕ್ಕಳ ಹೋಂವರ್ಕು, ಒಲೆಯ ಮೇಲೆ ಸಾರು, ಆಫೀಸಿನಲ್ಲಿ ಒಂದರ ಬೆನ್ನಿಗೆ ಒಂದು ಮೀಟಿಂಗು. ಹಾಗಾಗಿ ಸ್ನೇಹಿತರ ಜೊತೆ ಮಾತಾಡುವುದೇನಿದ್ದರೂ ಸ್ಟಿಯರಿಂಗ್ ಹಿಡಿದಾಗಲೇ. ಇದಕ್ಕೆ ಅದರದೇ ಆದ ಶಿಷ್ಟಾಚಾರವಿದೆ. "ಹೇಗಿದ್ದೀರಿ" ಎಂದು ಯಾರೂ ಕೇಳುವುದಿಲ್ಲ, "ಹೊರಟ್ರಾ?" ಎನ್ನುತ್ತೇವೆ. ಗ್ಯಾರೇಜಿನ ಬಾಗಿಲು ಮೇಲೇಳುತ್ತಿದ್ದಂತೆ, ಮಾತು ಎಲ್ಲಿಗೇ ಬಂದಿರಲಿ, "ಮನೆ ಬಂತು, ಇಡ್ತೀನಿ" ಎಂದು ಇಟ್ಟುಬಿಡುತ್ತೇವೆ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಶಿವಾನಂದರು ಧಾರವಾಡದವರು. ಮೊದಲು ಆಸ್ಟಿನ್ನಿನಲ್ಲಿ ನನ್ನ ಪಕ್ಕದ ಡೆಸ್ಕಿನಲ್ಲೇ ಇದ್ದರು. ಒಂದೇ ಗೋಡೆಯ ಆಚೆ ಈಚೆ ಕೂತಿದ್ದಷ್ಟು ಕಾಲವೂ ನಾವು ಮಾತಾಡಿದ್ದು ಕಾಫಿ ಮೆಷಿನ್ನು ಕೆಟ್ಟಿರುವುದರ ಬಗ್ಗೆ ಮಾತ್ರ. ಅವರಿಗೆ ಲಾಸ್ ಕೊಲಿನಾಸಿನಲ್ಲಿ ಕೆಲಸ ಸಿಕ್ಕಿ, ಮೂರು ಗಂಟೆ ದಾರಿಯ ಡ್ಯಾಲಸ್ ಕಡೆಗೆ ಶಿಫ್ಟ್ ಆದ ಮೇಲೆಯೇ ನಾವು ನಿಜಕ್ಕೂ ಸ್ನೇಹಿತರಾದದ್ದು. ನಾನು ಇಲ್ಲಿ ಮನೆ ಕಡೆ ಹೊರಟಾಗ ಅವರೂ ಅಲ್ಲಿ ಹೊರಡುತ್ತಿದ್ದರು. ನಮ್ಮ ತಾಯಿ ತೀರಿಕೊಂಡ ವಾರ ನಾನು ಹೈವೇಯಲ್ಲಿ ಅತ್ತದ್ದು ಕೇಳಿಸಿದ್ದು ಅವರೊಬ್ಬರಿಗೇ. ಸಮಾಧಾನವನ್ನೇನೂ ಹೇಳಲಿಲ್ಲ. "ಸಾವಕಾಶ ಹೊಡೀರಿ. ನಾ ಇಲ್ಲೇ ಅದೇನಿ," ಎಂದರು. ಮನೆ ಮುಟ್ಟುವ ತನಕ ಫೋನು ಇಡಲಿಲ್ಲ.

ಇಂಥ ಸ್ನೇಹಿತರು ಎದುರಾದಾಗ ಏನಾಗಬೇಕು, ನೀವೇ ಹೇಳಿ. ಕೆಲವು ವರ್ಷಗಳ ಹಿಂದೆ ಒಂದು ಯುಗಾದಿಗೆ ಅವರೂ ಅವರ ಹೆಂಡತಿ ಗಂಗಾ ಅವರೂ ನಮ್ಮ ಮನೆಗೆ ಬಂದರು. ಹೆಂಗಸರಿಬ್ಬರೂ ಅಡುಗೆಮನೆ ಸೇರಿದರು. ನಾವಿಬ್ಬರೂ ಸೋಫಾದಲ್ಲಿ ಎದುರುಬದುರು ಕೂತೆವು.

"ಮತ್ತೆ?" ಎಂದೆ ನಾನು.

"ನೀವ ಹೇಳ್ರಿ," ಎಂದರು ಅವರು.

ಅಲ್ಲಿಗೆ ಮುಗಿಯಿತು. ಕಣ್ಣು ಎಲ್ಲಿಡಬೇಕು, ಕೈ ಎಲ್ಲಿಡಬೇಕು ಎಂದು ತಿಳಿಯದೆ, ಹೆಣ್ಣು ನೋಡಲು ಬಂದವರಂತೆ ಒಬ್ಬಟ್ಟಿನ ತಟ್ಟೆ ನೋಡುತ್ತಾ ಕೂತೆವು. ಮರುದಿನ ಸಂಜೆ ಫೋನಿನಲ್ಲಿ ಅವರೇ ನಕ್ಕರು. "ನಿನ್ನೆ ಭೆಟ್ಟಿ ಆದ್ವಿ ಖರೆ, ಮಾತ ಆಗಲಿಲ್ಲ ನೋಡ್ರಿ."

ಅಂದಿನಿಂದ ನಾನೊಂದು ಸಿದ್ಧಾಂತ ಕಟ್ಟಿಕೊಂಡೆ. ಮಾತಿಗೆ ಮುಖ ಅಡ್ಡ ಬರುತ್ತದೆ. ಸ್ನೇಹಕ್ಕೆ ಮಾತೊಂದಿದ್ದರೆ ಸಾಕು. ಎಲ್ಲರೂ ಒಂದೊಂದು ಅಡುಗೆ ತರುವ ಪಾಟ್‌ಲಕ್ ಊಟಗಳಲ್ಲಿ ಯಾರಾದರೂ, ಮೊಬೈಲು ಬಂದು ಮನುಷ್ಯರ ನಡುವಿನ ಸಂಬಂಧವೇ ಹಾಳಾಯಿತು ಎಂದು ರಾಗ ಎಳೆದರೆ, ನಾನು ತಟ್ಟೆ ಕೆಳಗಿಟ್ಟು ವಾದಕ್ಕೆ ಇಳಿಯುತ್ತಿದ್ದೆ. ವಿಡಿಯೋ ಕಾಲ್ ಬಗ್ಗೆ ಕೇಳಿದರೆ, ಅಲ್ಲಿ ಪ್ರತಿಯೊಬ್ಬರೂ ನೋಡುವುದು ಮೂಲೆಯಲ್ಲಿರುವ ತಮ್ಮ ಮುಖವನ್ನೇ ಎನ್ನುತ್ತಿದ್ದೆ. ಅದು ಈಗಲೂ ನಿಜ. ನನ್ನ ಮಗಳು ಮಾತ್ರ ಫೋನಿನಿಂದ ತಲೆ ಎತ್ತದೆ, "ಅಪ್ಪ, ಯೂ ಆರ್ ಜಸ್ಟ್ ಶೈ," ಎಂದಳು. ಮಕ್ಕಳಿಗೆ ಸಿದ್ಧಾಂತದ ಮೇಲೆ ಗೌರವವಿಲ್ಲ.

ಕಳೆದ ವರ್ಷ ಶಿವಾನಂದರಲ್ಲಿ ಒಂದು ಬದಲಾವಣೆ ಕಂಡಿತು, ಅಂದರೆ ಕೇಳಿಸಿತು. ಮೊದಲೆಲ್ಲಾ ನಾವು ಏನೇ ಮಾತಾಡುತ್ತಿರಲಿ, ನಡುವೆ "ಏ ಹುಚ್ಚ ಖೋಡಿ, ಇಂಡಿಕೇಟರ್ ಹಾಕೋದು ಕಲಿಯಲೇ" ಎಂದು ಯಾವನಿಗೋ ಮಂಗಳಾರತಿ ಆಗುತ್ತಿತ್ತು. ಅದು ನಿಂತೇಹೋಯಿತು. ಹಾರ್ನ್ ಇಲ್ಲ, ಬೈಗುಳವಿಲ್ಲ. "ಶಿವಾನಂದರು ಮಾಗಿದಾರೆ ಕಣೇ," ಎಂದು ಹೆಂಡತಿಗೆ ಹೇಳಿದೆ. "ನೀವು ಯಾವಾಗ?" ಎಂದಳು ಆಕೆ.

ಆ ಬೇಸಿಗೆಯಲ್ಲಿ ನನಗೆ ಲಾಸ್ ಕೊಲಿನಾಸಿನಲ್ಲಿ ಒಂದು ಮೀಟಿಂಗ್ ಬಿತ್ತು. ಬೇಗ ಮುಗಿಯಿತು. ಹೇಳದೆ ಕೇಳದೆ ಹೋಗಿ ಬಾಗಿಲು ತಟ್ಟೋಣ ಅನ್ನಿಸಿತು. ಈ ಊರುಗಳಲ್ಲಿ ಅದು ಹೆಚ್ಚುಕಮ್ಮಿ ಅಪರಾಧ. ಬೆಲ್ ಆದರೆ ಜನ ಬಾಗಿಲು ತೆಗೆಯುವ ಮೊದಲು ಕ್ಯಾಮೆರಾ ನೋಡುತ್ತಾರೆ. ಅವರ ಬೀದಿಗೆ ತಿರುಗುವಾಗ ನಮ್ಮ ಎಂದಿನ ಹೊತ್ತಾಗಿತ್ತು, ಅಭ್ಯಾಸಬಲದಿಂದ ಫೋನ್ ಮಾಡಿದೆ.

"ಹೊರಟ್ರಾ?"

"ಹೊಂಟೀನ್ರಿ. ಒನ್ ಸಿಕ್ಸ್ಟಿ ಒನ್ ಹೈವೇ ಮ್ಯಾಲ ಅದೇನಿ. ಭಾಳ ಟ್ರಾಫಿಕ್ ಐತಿ."

ಸರಿ, ಇನ್ನೂ ಹೊತ್ತಿದೆ, ಮನೆ ಮುಂದೆ ಕಾಯೋಣ ಎಂದು ಕಾರು ನಿಲ್ಲಿಸಿ ಇಳಿದೆ. ಸೆಕೆಗೆ ಗ್ಯಾರೇಜಿನ ಬಾಗಿಲು ಪೂರ್ತಿ ತೆರೆದಿತ್ತು. ಒಳಗೆ ಅವರ ಕಾರು ಗೋಡೆಗೆ ಮುಖ ಮಾಡಿ ನಿಂತಿತ್ತು. ಕಿಟಕಿಗಳೆಲ್ಲ ಇಳಿದಿದ್ದವು. ಡ್ರೈವರ್ ಸೀಟಿನಲ್ಲಿ ಶಿವಾನಂದರು ಕೂತಿದ್ದರು. ಸೀಟ್ ಬೆಲ್ಟ್ ಕೂಡ ಹಾಕಿಕೊಂಡಿದ್ದರು. "ಈ ಟ್ರಾಫಿಕ್ ಸಲುವಾಗಿ ಸಾಕಾತ್ರಿ," ಎಂದು ನನ್ನ ಕಿವಿಗಿಟ್ಟ ಫೋನಿನಲ್ಲೂ ಎದುರಿನ ಕಾರಿನಲ್ಲೂ ಅವರ ದನಿ ಒಟ್ಟಿಗೇ ಕೇಳಿಸಿತು.

ಮೊದಲು ನಗು ಬಂತು. ಆಮೇಲೆ ಹೆದರಿಕೆಯಾಯಿತು. ಸುಮ್ಮನೆ ಹೋಗಿ ಪಕ್ಕದ ಬಾಗಿಲು ತೆಗೆದು ಕೂತೆ. ಅವರು ನನ್ನ ಕಡೆ ತಿರುಗಲೇ ಇಲ್ಲ. ಗೋಡೆಯನ್ನೇ ನೋಡುತ್ತಾ, ಹೆಂಡತಿ ಬಂದರೆಂದು ತಿಳಿದು, "ಇನ್ನೂ ಮಾತು ಮುಗಿದಿಲ್ಲ, ಚಹಾ ಆಮ್ಯಾಲ," ಎಂದರು.

"ಶಿವಾನಂದ್, ನಾನು," ಎಂದೆ.

ಅವರು ಇಡೀ ಕುತ್ತಿಗೆ ತಿರುಗಿಸಿದರು. ಮುಖ ನೇರ ನನ್ನ ಮುಖಕ್ಕೆ ಬಂದ ಮೇಲೆ ಮಾತ್ರ ಕಣ್ಣಲ್ಲಿ ಗುರುತು ಹತ್ತಿತು. ಅವರು ಮತ್ತೆ ಗೋಡೆಯ ಕಡೆ ತಿರುಗಿದರು, ನಾನೂ ತಿರುಗಿದೆ. ಗೋಡೆಗೆ ಒರಗಿಸಿದ್ದ ಹುಲ್ಲು ಕತ್ತರಿಸುವ ಮೆಷಿನ್ನನ್ನು ನೋಡುತ್ತಾ ಕೂತೆವು. ಆಗ ಅವರಿಗೆ ಮಾತು ಬಂತು.

"ಕಣ್ಣು ಹೊಂಟಾವ್ರಿ. ನಡುವ ಎಲ್ಲಾ ಛಲೋ ಕಾಣ್ತೈತಿ, ಬಾಜೂಕಿಂದು ಏನೂ ಕಾಣಂಗಿಲ್ಲ. ಗಾಡಿ ಹೊಡೀಬ್ಯಾಡ್ರಿ ಅಂದ್ರು ಡಾಕ್ಟರು. ಈ ಸಲದ ಯುಗಾದಿ ಮುಂದ ಬಿಟ್ಟೆ. ಆಫೀಸ್ ಕೆಲಸ ಮನ್ಯಾಗಿಂದನ ಮಾಡ್ತೇನಿ."

"ನನಗ್ಯಾಕೆ ಹೇಳಲಿಲ್ಲ ನೀವು?"

"ಹೇಳಿದ್ರ ಏನಾಕ್ಕಿತ್ತು? ಗಾಡಿ ಹೊಡಿಯದವಗ ಡ್ರೈವಿಂಗ್ ಕಾಲ್ ಎಲ್ಲಿಂದ್ರಿ? ಒಂದ್ ನಾಕ್ ದಿನ ಪಾಪ ಅಂತ ಫೋನ್ ಮಾಡ್ತಿದ್ರಿ. ಆಮ್ಯಾಲ ವಾರಕ್ಕೊಮ್ಮೆ. ಆಮ್ಯಾಲ ದೀಪಾವಳಿಗೆ ವಾಟ್ಸಾಪಿನ್ಯಾಗ ಒಂದು ದೀಪದ ಚಿತ್ರ. ನನಗ ದಿನಾ ಮಾತಾಡಾಕ ಇರೋದು ನೀವೊಬ್ರ."

ಹಾಗೇನಾಗುತ್ತಿರಲಿಲ್ಲ ಎಂದು ಹೇಳಲು ಬಾಯಿ ತೆರೆದೆ. ದೀಪದ ಚಿತ್ರಕ್ಕೆ ಬಂದು ನಿಂತ ನನ್ನ ಸ್ನೇಹಗಳೆಲ್ಲ ನೆನಪಾದವು. ಒಂದು ಕಾಲದಲ್ಲಿ ಅವೂ ಪ್ರಾಣಸ್ನೇಹಗಳೇ. ಸುಳ್ಳು ಹೇಳಲಿಲ್ಲ. "ದಿನಾ ಮಾಡ್ತೀನಿ. ನೀವು ಇನ್ಮೇಲೆ ಈ ಸೆಕೇಲಿ ಕೂರಬೇಡಿ," ಎಂದೆ ಮೆಷಿನ್ನಿನ ಕಡೆ ನೋಡುತ್ತಲೇ.

"ಇಲ್ಲಿ ಕೂತ್ರ ಮಾತು ಬರ್ತೈತ್ರಿ," ಎಂದರು. ಸೀಟ್ ಬೆಲ್ಟ್ ಬಿಚ್ಚುತ್ತಾ, "ಆದ್ರ ನೀವು ಹಿಂಗ ಬಾಜೂಕ ಕೂತ್ರ ನನಗ ಕಾಣಂಗಿಲ್ಲ. ಖಾಲಿ ಸೀಟಿನ ಕೂಡ ಮಾತಾಡಿದಂಗ ಆಗ್ತೈತಿ. ಒಳಗ ಬರ್ರಿ. ಎದುರಿಗೆ ಕೂಡ್ರಿ," ಎಂದರು.

ಗಂಗಾ ಅವರು ಚಹಾ ತಂದಿಟ್ಟರು. "ದಿನಾ ಹೇಳ್ತೇನ್ರಿ ಅಣ್ಣಾರ, ಫೋನ್ ಒಳಗ ತೊಗೊಂಡು ಬರ್ರಿ ಅಂತ. ಕೇಳಂಗಿಲ್ಲ," ಎಂದು ನನಗೆ ದೂರು ಕೊಟ್ಟು ಒಳಗೆ ಹೋದರು. ಊಟದ ಮೇಜಿನ ಆಚೆ ಈಚೆ ನಾವು ಕೂತೆವು. ಯುಗಾದಿಯ ಆ ಹಳೆಯ ಮುಜುಗರ ಇನ್ನೇನು ಬಂದೇಬಿಡುತ್ತದೆ ಎಂದು ಕಾದೆ. ಬಂತು ಕೂಡ. ಆದರೆ ಈ ಸಲ ನಾನು ತಟ್ಟೆ ನೋಡುವ ಹಾಗಿರಲಿಲ್ಲ. ಕೊಂಚ ಆಚೀಚೆ ಸರಿದರೂ ನಾನು ಅವರ ಪಾಲಿಗೆ ಇಲ್ಲವಾಗಿಬಿಡುತ್ತಿದ್ದೆ.

ಈಗ ಅವರು ಸಂಜೆಯ ಫೋನನ್ನು ಹಿತ್ತಲಿನ ಕುರ್ಚಿಯಲ್ಲಿ ಕೂತು ಎತ್ತುತ್ತಾರೆ. ನಾನು ರಸ್ತೆಯಲ್ಲಿ ಯಾರಿಗಾದರೂ ಬೈದರೆ, ಅಷ್ಟು ಸಾಲದು ಎಂದು ಧಾರವಾಡದ ಒಂದೆರಡು ಮಾತು ಹೇಳಿಕೊಡುತ್ತಾರೆ. ಫೋನಿನ ಬಗ್ಗೆ ನನಗಿದ್ದ ಗೌರವ ಕಮ್ಮಿಯಾಗಿಲ್ಲ. ಕಷ್ಟಸುಖ ಹೇಳಿಕೊಳ್ಳಲು ಅದರಷ್ಟು ಒಳ್ಳೆಯ ಸಾಧನ ಇನ್ನೊಂದಿಲ್ಲ. ಆದರೆ ಮಾತಾಡುವುದಷ್ಟೇ ಸ್ನೇಹಿತರ ಕೆಲಸ ಎಂದು ಕಟ್ಟಿಕೊಂಡಿದ್ದ ನನ್ನ ಸಿದ್ಧಾಂತ ಪೂರ್ತಿ ಬಿದ್ದುಹೋಗಿದೆ. ತಿಂಗಳಿಗೊಮ್ಮೆ ಥರ್ಟಿಫೈವ್ ಹೈವೇ ಹಿಡಿದು ಅವರ ಮನೆಗೆ ಹೋಗುತ್ತೇನೆ. ಅಷ್ಟು ದೂರ ಡ್ರೈವ್ ಮಾಡಿ ಇಬ್ಬರೂ ಏನು ಮಾತಾಡ್ತೀರಿ ಎಂದು ಹೆಂಡತಿ ಕೇಳುತ್ತಾಳೆ. ಹೇಳಿಕೊಳ್ಳುವಂಥದ್ದು ಏನೂ ಇಲ್ಲ.

ಮೊನ್ನೆ ಶನಿವಾರವೂ ಹೋಗಿದ್ದೆ. ನಡುವೆ ಕಾಣುವ ಆ ಕಿಂಡಿ ಇನ್ನೂ ಸಣ್ಣದಾಗುತ್ತಾ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದನ್ನು ಶಿವಾನಂದರು ಮಳೆಯ ಸುದ್ದಿ ಹೇಳುವಂತೆ ಹೇಳಿದರು. ಆಮೇಲೆ ಬಹಳ ಹೊತ್ತು ನನ್ನ ಮುಖ ನೋಡಿದರು.

"ನಿಮ್ಮ ಹುಬ್ಬು ಬೆಳ್ಳಗಾಗ್ಯಾವಲ್ರಿ. ಇಷ್ಟು ವರ್ಷ ದಿನಾ ಮಾತಾಡಿದ್ರಿ, ಇದೊಂದು ಹೇಳಲೇ ಇಲ್ಲ."

"ನನಗೇ ಗೊತ್ತಿರಲಿಲ್ಲ," ಎಂದೆ.

"ಇರ್ರಿ, ಅಲುಗಾಡಬ್ಯಾಡ್ರಿ. ಇನ್ನೊಂದೀಟು ನೋಡ್ತೇನಿ."

ನಾನು ಕುರ್ಚಿಯನ್ನು ಮೇಜಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡು, ಮುಖವನ್ನು ಅವರ ಕಣ್ಣಿನ ನೇರಕ್ಕೆ ತಂದು, ಅವರು ಸಾಕು ಎನ್ನುವ ತನಕ ಹಾಗೇ ಕೂತಿದ್ದೆ.