ಶುಂಠಿ ತುಂಬಿದ ಪಂಚಾಯ್ತಿ

ನಾನು ಮದುವೆಯಾಗಿ ಈ ಊರಿಗೆ ಬಂದಾಗ ಪಂಚಾಯ್ತಿ ಕಟ್ಟಡಕ್ಕೆ ಸುಣ್ಣ ಬಳಿದು ಒಂದು ಮಳೆಗಾಲವೂ ಕಳೆದಿರಲಿಲ್ಲ. ಜಾಗ ಬಿಟ್ಟುಕೊಟ್ಟವರು ನನ್ನ ಮಾವ. ರಸ್ತೆಗೆ ತಾಗಿದ ಒಳ್ಳೆಯ ಜಾಗ ಅದು. ಚಿರೆಕಲ್ಲು ಹೊತ್ತವರು ಊರವರು. ಕಲ್ಲು ಹೊರುವವರಿಗೆಲ್ಲ ಅತ್ತೆ ಗಂಜಿ ಬೇಯಿಸಿ ಕಳಿಸುತ್ತಿದ್ದರಂತೆ.

ಅದಕ್ಕೂ ಮುಂಚೆ ನಮ್ಮೂರು ಹೊಳೆಯಾಚೆಯ ದೊಡ್ಡೂರಿನ ಪಂಚಾಯ್ತಿಗೆ ಸೇರಿತ್ತು. ರೇಷನ್ ಕಾರ್ಡು, ಮನೆ ಮಂಜೂರಿ, ಎಂತದಕ್ಕೂ ಹೊಳೆ ದಾಟಬೇಕು. ಹೋದವರನ್ನು ಮಧ್ಯಾಹ್ನದವರೆಗೆ ಕಟ್ಟೆ ಮೇಲೆ ಕೂರಿಸಿ, ಕಡೆಗೆ "ನಾಳೆ ಬರ್ರಿ" ಎಂದು ಕಳಿಸುತ್ತಿದ್ದರು. ಮಾವ ಮತ್ತು ಜೊತೆಯವರು ಸಿರ್ಸಿ, ಕಾರವಾರ ಎಂದು ಅಲೆದೂ ಅಲೆದೂ ನಮಗೇ ಒಂದು ಪಂಚಾಯ್ತಿ ಮಾಡಿಸಿಕೊಂಡು ಬಂದರು. ಮೊದಲ ಸಭೆಗಳು ನಡೆದದ್ದು ಶಾಲೆಯ ಜಗುಲಿಯಲ್ಲಿ. ಆಮೇಲೆ ಕಟ್ಟಡ, ಹಳ್ಳ ದಾಟಲು ಕಾಲುಸಂಕ, ಕೇರಿಗೊಂದು ನಲ್ಲಿ ಬಂದವು. ಜಗಳವೂ ಇತ್ತು. ನಲ್ಲಿ ಯಾರ ಮನೆ ಎದುರು ಬರಬೇಕು ಎಂದು ಅಣ್ಣತಮ್ಮಂದಿರೇ ಮಾತು ಬಿಟ್ಟಿದ್ದರು. ಆದರೂ ಆ ಜಗಳ ನಮ್ಮದಾಗಿತ್ತು, ನಮ್ಮ ಭಾಷೆಯಲ್ಲೇ ನಡೆಯುತ್ತಿತ್ತು.

ನಾನು ಆ ಪಂಚಾಯ್ತಿಯ ಸದಸ್ಯೆಯಾಗಿದ್ದ ಅವಧಿ ಮುಗಿಯುವ ಹೊತ್ತಿಗೆ ಸುದ್ದಿ ಬಂತು: ಜನಸಂಖ್ಯೆ ಸಾಲದು, ನಮ್ಮ ಪಂಚಾಯ್ತಿಯನ್ನು ದೊಡ್ಡೂರಿಗೆ ಸೇರಿಸುತ್ತಾರೆ. ಇದರ ಹಿಂದೆ ಓಡಾಡಿದವನು ದೊಡ್ಡೂರಿನ ಅಧ್ಯಕ್ಷ. ಅಂಗಡಿ, ಲಾರಿ, ಶುಂಠಿ ವ್ಯಾಪಾರ ಎಲ್ಲ ಇದ್ದ ಮನೆತನ. ಆಕ್ಷೇಪಣೆ ಕೇಳಲು ಅಧಿಕಾರಿ ಬಂದ ದಿನ ನಮ್ಮೂರವರೆಲ್ಲ ಗದ್ದೆ ಕೆಲಸ ಬಿಟ್ಟು ಹೋಗಿದ್ದೆವು. ಮಾವ ಎದ್ದು ನಿಂತು, ಈ ಪಂಚಾಯ್ತಿ ಹೇಗೆ ಬಂತು ಎಂದು ಹೇಳಲು ಶುರುಮಾಡಿದರು. ಅರ್ಧಕ್ಕೇ ಆ ಅಧ್ಯಕ್ಷ ಬಾಯಿ ಹಾಕಿದ.

"ಸಾಹೇಬ್ರ, ಹಳೇ ಕಥಿ ಬಿಡ್ರಿ. ಅಲ್ಲಿ ಪಂಚಾಯ್ತಿ ನಡಸೋ ಮಂದಿ ಯಾರ ಅದಾರ್ರಿ?"

ಅವನ ಕಡೆಯವರು ನಕ್ಕರು. ಅಧಿಕಾರಿಯೂ ನಕ್ಕರು. ಮಾವ ಮಾತು ಮುಗಿಸದೆ ಕುಳಿತರು.

ಒಂದಾದ ಪಂಚಾಯ್ತಿಗೆ ಚುನಾವಣೆಯಾಯಿತು. ನಮ್ಮೂರಿಂದ ಗೆದ್ದವರು ಇಬ್ಬರು: ನಾನು, ಇನ್ನೊಬ್ಬ ಮುದುಕ. ದೊಡ್ಡೂರಿನ ಅವನೇ ಮತ್ತೆ ಅಧ್ಯಕ್ಷನಾದ. ಮೊದಲ ಸಭೆಯಲ್ಲಿ ನಾನು "ನಮ್ಮೂರಿನ ಕಾಲುಸಂಕ" ಎಂದು ಬಾಯಿ ತೆಗೆದರೆ, "ಅಕ್ಕಾರ, ಅದು ಈಗ ಊರಲ್ಲ, ವಾರ್ಡು. ವಾರ್ಡ್ ಅನ್ರಿ" ಎಂದ. ಕೆಲವು ತಿಂಗಳಿಗೆ ನಮ್ಮ ಹಳೆ ಕಟ್ಟಡ ಖಾಲಿ ಬಿದ್ದಿದೆ ಎಂದು ಠರಾವು ಮಾಡಿ ತನ್ನ ಹೆಂಡತಿಯ ತಮ್ಮನಿಗೆ ಬಾಡಿಗೆಗೆ ಕೊಟ್ಟ, ಶುಂಠಿ ತುಂಬಿಡಲು. ನಾನು ವಿರೋಧ ಎಂದು ಬರೆಸಿದೆ. ಯಾರೂ ತಲೆ ಎತ್ತಿ ನೋಡಲಿಲ್ಲ.

ಮಾವನಿಗೆ ಬೆಳಿಗ್ಗೆ ಆ ಕಟ್ಟಡದ ಜಗುಲಿಯಲ್ಲಿ ಹೋಗಿ ಕೂರುವ ಅಭ್ಯಾಸ. ಬೀಗ ಬಿದ್ದ ಮೇಲೂ ಬಿಟ್ಟಿರಲಿಲ್ಲ. ಒಂದು ದಿನ ಬೇಗ ಮನೆಗೆ ಬಂದರು. ಊಟಕ್ಕೆ ಕರೆದರೆ ಬರಲಿಲ್ಲ. ಎಂತಾಯ್ತು ಎಂದು ನಾನು ಕೇಳಿ ಕೇಳಿ ಸಾಕಾದ ಮೇಲೆ ಹೇಳಿದರು:

"ಲಾರಿಯವ ಬಂದ. 'ಅಜ್ಜಾ, ಎದ್ದು ಆಚಿ ಕಡಿ ಕೂಡು, ಲೋಡ್ ಮಾಡ್ಬೇಕು' ಅಂದ. ಎದ್ದೆ."

ಅಷ್ಟೇ. ಮತ್ತೆ ಆ ಕಡೆ ಹೋಗಲಿಲ್ಲ. ಅವರಿಗೆ ಬಡಿಸಿದ್ದ ತಟ್ಟೆಯನ್ನು ಹಾಗೇ ಎತ್ತಿಟ್ಟೆ. ಆ ಅಧ್ಯಕ್ಷನನ್ನು ಬಿಡಬಾರದು ಎಂದು ನಾನು ನಿಶ್ಚಯಿಸಿದ್ದು ಆವತ್ತು.

ನನ್ನ ಗಂಡ ಸಮಾಧಾನಿ. "ಹೋಗ್ಲಿ ಬಿಡು, ಅವರ ಹತ್ರ ಜನ ಇದ್ದಾರೆ" ಎಂದ. ಜನ ಯಾರು ಎಂದು ನಾನೇ ನೋಡಲು ಹೊರಟೆ. ಸದಸ್ಯರಲ್ಲಿ ಅರ್ಧಕ್ಕರ್ಧ ಹೆಂಗಸರು. ಸಭೆಗೆ ಅವರ ಗಂಡಂದಿರು ಬಂದು ಕೂರುತ್ತಿದ್ದರು, ಸಹಿ ಮಾತ್ರ ಮನೆಯಿಂದ ಬರುತ್ತಿತ್ತು. ನಾನು ಆ ಮನೆಗಳ ಹಿತ್ತಿಲ ಬಾಗಿಲಿಗೆ ಹೋದೆ. ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ಕುಳಿತೆ, ಅನಾನಸ್ ಕೊಯ್ಯುವ ಹೊಲಕ್ಕೆ ಹೋದೆ. ರಾಜಕೀಯದ ಸುದ್ದಿ ತೆಗೆಯಲಿಲ್ಲ. "ನಿಮ್ಮ ಬೀದಿಗೆ ಎಂತ ಬೇಕು?" ಎಂದು ಮಾತ್ರ ಕೇಳುತ್ತಿದ್ದೆ. ಹಾಗೆ ಯಾರೂ ಅವರನ್ನು ಕೇಳಿರಲಿಲ್ಲ. ನನಗೆ ಅವರ ಮೇಲೆ ಪ್ರೀತಿ ಹುಟ್ಟಿದ್ದು ಆಮೇಲೆ. ಮೊದಲಿಗೆ ಬೇಕಾಗಿದ್ದದ್ದು ಅವರ ಮತ.

ಅವಧಿಯ ಎರಡನೇ ಅರ್ಧಕ್ಕೆ ಅಧ್ಯಕ್ಷ ಸ್ಥಾನ ಮಹಿಳೆಗೆ ಮೀಸಲಾಯಿತು. ಅವನು ತನ್ನ ತಮ್ಮನ ಹೆಂಡತಿಯನ್ನು ನಿಲ್ಲಿಸಿದ. ಅವಳೂ ಸದಸ್ಯೆ, ಒಂದು ಸಭೆಯಲ್ಲೂ ಮಾತಾಡಿದವಳಲ್ಲ. ಎದುರಿಗೆ ನಾನು ನಿಂತೆ. ಸದಸ್ಯರ ಮತ ಎಣಿಸಿದಾಗ ನಾನು ಗೆದ್ದಿದ್ದೆ, ಅದೂ ನಾನು ಅಂದುಕೊಂಡದ್ದಕ್ಕಿಂತ ಒಂದು ಮತ ಹೆಚ್ಚಿಗೆ. ಹೊರಗೆ ಬರುವಾಗ ಆ ಹುಡುಗಿ ನನ್ನ ಪಕ್ಕದಲ್ಲೇ ನಡೆದುಬಂದಳು. ಸೆರಗು ಸರಿಮಾಡಿಕೊಳ್ಳುತ್ತ, ತುಟಿ ಅಲುಗಿಸದೆ, "ಅಕ್ಕಾ, ನಾನೂ ನಿಮಗಽ ಹಾಕೀನಿ. ಆ ಮನ್ಯಾಗ ನಾ ಪಟ್ಟಿದ್ದು ನನಗಽ ಗೊತ್ತು" ಎಂದಳು. ನನಗೆ ಆವತ್ತು ಗೆದ್ದದ್ದಕ್ಕಿಂತ ಆ ಮಾತಿಗೆ ಹೆಚ್ಚು ಖುಷಿಯಾಯಿತು.

ಅಧ್ಯಕ್ಷೆಯಾದ ಕೂಡಲೇ ಕಟ್ಟಡ ಬಿಡಿಸಿಕೊಳ್ಳಬಹುದಿತ್ತು. ನಾನು ಬಿಡಿಸಲಿಲ್ಲ, ಕಾದೆ. ಬೀಜದ ಶುಂಠಿ ಆರಿಸಿ, ಮಣ್ಣು ಉದುರಿಸಿ, ಕೋಣೆ ತುಂಬ ಹರಡುವ ಕಾಲ ಬರಲಿ ಎಂದು ಕಾದೆ. ಆ ಶುಂಠಿಯನ್ನು ಎಲ್ಲೆಂದರಲ್ಲಿ ಎಸೆಯಲಾಗದು. ಬಿಸಿಲು ತಾಗಿದರೆ ಒಣಗುತ್ತದೆ, ನೀರು ತಾಗಿದರೆ ಕೊಳೆಯುತ್ತದೆ. ಅದೆಲ್ಲ ತುಂಬಿದ ಮೇಲೆ ಠರಾವು ಮಾಡಿ ನೋಟಿಸು ಕಳಿಸಿದೆ.

ಹಳೆ ಅಧ್ಯಕ್ಷ ಆಫೀಸಿಗೆ ಬಂದ. ಜೊತೆಗೆ ಹೆಂಡತಿಯ ತಮ್ಮ.

"ಅಕ್ಕಾರ, ಬಿತ್ತನೆ ಆಗೋತನಕ ತಡೀರಿ. ಇಷ್ಟ ಶುಂಠಿ ತಗೊಂಡು ಎಲ್ಲಿ ಹೋಗಬೇಕ್ರಿ?"

ನಾನು ಎದುರಿಗಿದ್ದ ಕಾಗದದಿಂದ ತಲೆ ಎತ್ತಲಿಲ್ಲ. "ಹೊರಗೆ ಕೂತಿರಿ" ಎಂದೆ. ಕೂತರು. ಊಟದ ಹೊತ್ತಿಗೆ ಹೊರಗೆ ಬಂದು ನೋಡಿದರೆ ಇನ್ನೂ ಕೂತಿದ್ದರು.

"ನಾಳೆ ಬರ್ರಿ" ಎಂದೆ. ಅವರದೇ ರಾಗದಲ್ಲಿ.

ಅವನಿಗೆ ಅರ್ಥವಾಯಿತು. ಮುಖ ಕೆಂಪಗಾದದ್ದನ್ನು ಕಣ್ತುಂಬ ನೋಡಿದೆ. ಮಾರನೇ ದಿನ ಬಂದಾಗಲೂ ಅದನ್ನೇ ಹೇಳಿದೆ. ಗಡುವು ಮುಗಿದ ದಿನ ಊರವರೆಲ್ಲ ರಸ್ತೆಯಲ್ಲಿ ನಿಂತಿದ್ದರು. ಕೂಲಿಗೆ ಯಾರೂ ಸಿಗದೆ ಅವನ ಮನೆಯವರೇ ಬುಟ್ಟಿ ಹೊತ್ತರು. ಅವನೂ ಹೊತ್ತ. ಅಕಾಲದ ಮಳೆ ಬೇರೆ ಹನಿಯಿತು. ಅಯ್ಯೋ ಅನ್ನಿಸಿತೇ ಎಂದು ನನ್ನ ಗಂಡ ಆಮೇಲೆ ಕೇಳಿದ. ಇಲ್ಲ, ಅನ್ನಿಸಲಿಲ್ಲ. ಇನ್ನಷ್ಟು ಜೋರಾಗಿ ಬರಲಿ ಅನ್ನಿಸಿತ್ತು.

ಕೋಣೆ ತೊಳೆಸಿ, ಗ್ರಾಮಸಭೆಯನ್ನು ಅಲ್ಲೇ ಕರೆದೆ. ಮಾವನನ್ನು ಕೈ ಹಿಡಿದು ಕರೆದುಕೊಂಡು ಹೋದೆ. ಅವರು ಒಳಗೆಲ್ಲ ತಿರುಗಿ, ಗೋಡೆ ಸವರಿ ನೋಡಿದರು.

"ನಮ್ಮ ಪಂಚಾಯ್ತಿ ವಾಪಸ್ ಬಂತನೇ?"

"ಕಟ್ಟಡ ಬಂತು ಮಾವ. ಪಂಚಾಯ್ತಿಗೆ ಅರ್ಜಿ ಹಾಕಿದ್ದೇವೆ."

"ಹ್ಞಾಂ" ಎಂದರು. ಸಭೆ ಮುಗಿಯುವವರೆಗೆ ಮುಂದಿನ ಸಾಲಿನಲ್ಲೇ ಕೂತಿದ್ದರು. ಅವನೂ ಬಂದಿದ್ದ, ತನ್ನ ಬೀದಿಯ ಚರಂಡಿ ಕೇಳಲು. ಎದ್ದು ನಿಂತು ಎಲ್ಲರೆದುರು ಕೈಮುಗಿದು ಕೇಳಿದ. ಚರಂಡಿ ಮಂಜೂರು ಮಾಡಿದೆ. ಆ ಬೀದಿಯ ಹೆಂಗಸರು ತಮ್ಮ ಸದಸ್ಯೆಯರಿಂದ ನನಗೆ ಮತ ಹಾಕಿಸಿದವರು, ಅವರ ಕಾಲು ಕೊಚ್ಚೆಯಲ್ಲಿ ಯಾಕೆ ಹುಗಿಯಬೇಕು?

ಮುಂದಿನ ಮಳೆಗಾಲಕ್ಕೆ ಮಾವ ತೀರಿಕೊಂಡರು. ಅರ್ಜಿ ಇನ್ನೂ ಎಲ್ಲೋ ಕೂತಿದೆ. ನನ್ನ ಅವಧಿಯೂ ಮುಗಿಯಿತು. ಇನ್ನು ಸಾಕು, ಮನೆ ನೋಡಿಕೊಂಡು ಇರು ಎಂದು ಗಂಡ ಹೇಳುತ್ತಾನೆ. ನನಗೆ ಸಾಕಾಗಿಲ್ಲ. ಆ ಹಳೆ ಅಧ್ಯಕ್ಷ ಈ ಸಲ ಮತ್ತೆ ನಿಲ್ಲುತ್ತಾನಂತೆ. ಮೊನ್ನೆ ಅವನ ತಮ್ಮನ ಹೆಂಡತಿ ಫೋನ್ ಮಾಡಿ, "ಅಕ್ಕಾ, ಯಾವ ವಾರ್ಡಿಂದ ನಿಲ್ಲತೀರಿ?" ಎಂದು ಕೇಳಿದಳು.

"ನಿಮ್ಮ ಭಾವ ನಿಲ್ಲುವ ವಾರ್ಡಿಂದಲೇ" ಎಂದೆ.