ಟಣ್ಣೆನ್ನದ ಹೊಳಪು

ಗುಜರಿ ಅಂಗಡಿಯಲ್ಲಿ ಟಣ್ಣತ್ತೆಯ ಮಾತೇ ಕೊನೆ. ಮೂಟೆ ಸುರಿದ ಕೂಡಲೇ ಒಂದೊಂದು ತುಂಡನ್ನೂ ಬೆರಳ ತುದಿಯಲ್ಲಿ ಹಿಡಿದು, ಪುಟ್ಟ ಸುತ್ತಿಗೆಯಿಂದ ಬಡಿದು, ಕಣ್ಣು ಮುಚ್ಚಿ ಕೇಳುತ್ತಿದ್ದಳು. ಹಿತ್ತಾಳೆಯ ‘ಟಣ್’ ಉದ್ದ, ಅಲ್ಯೂಮಿನಿಯಮ್ಮಿನದು ಗಿಡ್ಡ. ಸೀಸ ಮಾತ್ರ ಮೂಗ. ಅದನ್ನು ಉಗುರಿನಿಂದ ಕೆರೆದೇ ಹಿಡಿಯುತ್ತಿದ್ದಳು. ಮೂವತ್ತು ವರ್ಷ ಇದೇ ಕಸುಬು. ಅವಳ ನಿಜವಾದ ಹೆಸರು ಯಾರಿಗೂ ನೆನಪಿರಲಿಲ್ಲ, ಅವಳಿಗೆ ಅದರ ಬೇಜಾರೂ ಇರಲಿಲ್ಲ.

ಆದರೆ, "ಟಿವಿ ಸೌಂಡ್ ಯಾಕಮ್ಮ ಇಷ್ಟು ಜಾಸ್ತಿ?" ಎಂದು ಮಗ ಗೊಣಗಿದ ದಿನದಿಂದ ಅವಳ ತಲೆಯೊಳಗೆ ಹುಳ ಹೊಕ್ಕಿತ್ತು. ಕಿವಿ ಕೈಕೊಟ್ಟರೆ ಈ ಅಂಗಡಿಯಲ್ಲಿ ತನಗೇನು ಕೆಲಸ? ಈ ಹೆದರಿಕೆಯ ಬಗ್ಗೆ ಯಾರ ಹತ್ತಿರವೂ ಬಾಯಿ ಬಿಡಲಿಲ್ಲ.

ಒಂದು ಬುಧವಾರ, ಮುಚ್ಚಿದ ಕಾರ್ಖಾನೆಯಿಂದ ಮೂಟೆಯೊಂದು ಬಂತು. ಒಳಗೆ ಥಳಥಳ ಹೊಳೆಯುವ ಬೂದು ಬಣ್ಣದ ಗಟ್ಟಿಗಳು. ಉಗುರಿಗೆ ಜಗ್ಗಲಿಲ್ಲ, ಸೀಸವಲ್ಲ. ಬಡಿದಳು. ಟಣ್ ಇಲ್ಲ. ಇನ್ನೊಂದನ್ನು ಬಡಿದಳು. ಕಲ್ಲಿಗೆ ಕಲ್ಲು ತಾಗಿದಂತೆ ಒಣ ಸದ್ದು, ಅಷ್ಟೇ. ಇಷ್ಟು ಹೊಳೆಯುವ ಲೋಹ ಬಾಯಿ ಮುಚ್ಚಿಕೊಂಡಿರುತ್ತದೆಯೇ? ತಪ್ಪು ಕಿವಿಯದೇ ಎಂದು ತೀರ್ಮಾನಿಸಿಬಿಟ್ಟಳು. ಪಕ್ಕದಲ್ಲೇ ಹಿತ್ತಾಳೆ ಬಿದ್ದಿತ್ತು, ಬಡಿದು ನೋಡುವ ಧೈರ್ಯ ಬರಲಿಲ್ಲ.

"ಏನಕ್ಕಾ, ಅಲ್ಯೂಮಿನಿಯಮ್ಮಾ?" ಎಂದ ಅಂಗಡಿಯವನು.

"ನನ್ನನ್ನ ಕೇಳ್ಬೇಡಪ್ಪ. ನಾಳೆಯಿಂದ ಬೇರೆಯವರನ್ನ ನೋಡ್ಕೋ," ಎಂದು ಸುತ್ತಿಗೆಯನ್ನು ಅವನ ಕೈಗಿಟ್ಟಳು.

ಸಂಜೆ ಅವಳನ್ನು ಕರೆದೊಯ್ಯಲು ಸೊಸೆ ಬಂದಳು. ಸೊಸೆ ಶಾಲೆಯಲ್ಲಿ ವಿಜ್ಞಾನದ ಟೀಚರ್. ಅತ್ತೆಯ ಸಪ್ಪೆ ಮುಖ ನೋಡಿ ಬಿಡದೆ ಕಾರಣ ಕೇಳಿದಳು.

"ನನ್ನ ಕಿವಿ ಹೋಯ್ತು ಕಣೇ. ಇಷ್ಟು ಹೊಳೆಯೋ ಈ ಗಟ್ಟಿ ಬಡಿದ್ರೂ ಟಣ್ ಅಂತ ಕೇಳಿಸ್ತಿಲ್ಲ," ಎಂದು ಅತ್ತೆ ಕಣ್ಣೀರು ಹಾಕಿದಳು.

ಸೊಸೆ ಗಟ್ಟಿಯೊಂದನ್ನು ನೆಲದ ಮೇಲಿಟ್ಟು ಸುತ್ತಿಗೆಯಿಂದ ಜೋರಾಗಿ ಹೊಡೆದಳು. ತಗ್ಗು ಬೀಳುವ ಬದಲು ಅದು ಗಾಜಿನಂತೆ ಚೂರುಚೂರಾಯಿತು.

"ಇದು ಸಿಲಿಕಾನ್ ಇರ್ಬೇಕು ಅತ್ತೆ. ಲೋಹದ ಹಾಗೆ ಹೊಳೆಯುತ್ತೆ, ಆದ್ರೆ ಬಡಿದ್ರೆ ತಗಡಾಗಲ್ಲ, ಪುಡಿಯಾಗುತ್ತೆ. ಕರೆಂಟನ್ನೂ ಅರೆಬರೆ ಹರಿಯೋಕೆ ಬಿಡುತ್ತೆ. ಅತ್ತ ಲೋಹವೂ ಅಲ್ಲ, ಇತ್ತ ಅಲೋಹವೂ ಅಲ್ಲ. ಲೋಹಾಭ ಅಂತಾರೆ. ಟಣ್ ಅಂತ ನನಗೂ ಕೇಳಿಸಲಿಲ್ಲ."

ಅತ್ತೆಗೆ ನಂಬಿಕೆ ಬರಲಿಲ್ಲ. ಸೊಸೆ ಅವಳ ಬೆನ್ನ ಹಿಂದೆ ಹತ್ತು ಹೆಜ್ಜೆ ನಡೆದು, ಬಾಗಿಲ ಹತ್ತಿರ ನಿಂತು ಪಿಸುಗುಟ್ಟಿದಳು.

"ನಿಮ್ಮ ಕಿವಿಗೆ ಏನೂ ಆಗಿಲ್ಲ, ಅತ್ತೆ."

"ಇನ್ನೊಂದ್ಸಲ ಹೇಳು."

ಸೊಸೆಗೆ ಗಾಬರಿಯಾಯಿತು. "ಯಾಕೆ, ಕೇಳಿಸಲಿಲ್ವಾ?"

"ಕೇಳಿಸ್ತು ಕಣೇ," ಎಂದಳು ಅತ್ತೆ. "ಅದಕ್ಕೇ!"