ಅಂದಾಜಿನ ಸಂಬಳ

ಸ್ನೇಹಿತರೇ, ಮಗಳ ಕಾಲೇಜಿನ ಆರ್ಥಿಕ ನೆರವಿನ ಅರ್ಜಿಯನ್ನು ಇವತ್ತು ತಿದ್ದಿದೆವು. ಚಳಿಗಾಲದಲ್ಲಿ ಅದನ್ನು ತುಂಬುವಾಗ ನಮ್ಮ ಟ್ಯಾಕ್ಸ್ ಫೈಲ್ ಆಗಿರಲಿಲ್ಲ. ವರಮಾನವನ್ನು ಅಂದಾಜಿನಲ್ಲಿ ಬರೆಯಿರಿ, ಆಮೇಲೆ ಸರಿಪಡಿಸಿ ಎಂದು ಕಾಲೇಜಿನವರು ಹೇಳಿದ್ದರು. ಕಳೆದ ವಾರ ಫೈಲ್ ಆಯಿತು. ಇವತ್ತು ಮಧ್ಯಾಹ್ನ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಮಗಳು ಅರ್ಜಿಯನ್ನೂ ಟ್ಯಾಕ್ಸ್ ರಿಟರ್ನನ್ನೂ ಹೋಲಿಸಿದಳು.

"ಅಪ್ಪಾ, ನೀನು ಬರೆದಿರೋದು ರಿಯಲ್ ಇನ್‌ಕಮ್‌ಗಿಂತ ತುಂಬಾ ಜಾಸ್ತಿ ಇದೆ. ವೈ?"

ಬರದೇ ಹೋದ ಬೋನಸ್ಸನ್ನೂ ಸೇರಿಸಿದ್ದೆ, ಅದರ ಮೇಲೆ ಒಂದಿಷ್ಟು ರೌಂಡ್ ಮಾಡಿದ್ದೆ ಎಂದು ಒಪ್ಪಿಕೊಂಡೆ. ಐಸೆಲಿನ್‌ನ ಇಂಡಿಯನ್ ಅಂಗಡಿಯಲ್ಲಿ ಬೆಂಡೆಕಾಯಿ ಆರಿಸುವಾಗ ಸಿಕ್ಕವರು ಸಂಬಳ ಕೇಳಿದರೂ ನಾನು ಹೇಳುವುದು ಹಾಗೆಯೇ. ಅದೇ ಅಭ್ಯಾಸದಲ್ಲಿ ಅರ್ಜಿಯಲ್ಲೂ ಬರೆದುಬಿಟ್ಟಿದ್ದೆ.

"ಹೆಲ್ಪ್ ಕೇಳೋ ಫಾರ್ಮ್‌ನಲ್ಲಿ ಶೋ ಆಫ್ ಮಾಡಿದ್ದೀಯಾ? ನಮಗೆ ಏಡ್ ಬೇಕಾಗಿಲ್ಲ ಅಂದ್ಕೋತಾರೆ," ಎಂದಳು.

ಆ ಕಾಲೇಜು ಅವಳಿಗೆ ಎಷ್ಟು ಇಷ್ಟ ಎಂಬುದು ನನಗೆ ಗೊತ್ತು. ನೆರವು ಸಿಗದಿದ್ದರೆ ಅಲ್ಲಿಗೆ ಕಳಿಸಲಾರೆ ಎಂಬುದು ಅವಳಿಗೂ ಗೊತ್ತು. ನಿಜವಾದ ಅಂಕಿ ತುಂಬಿ, ಟ್ಯಾಕ್ಸ್ ರಿಟರ್ನ್‌ನ ಪ್ರತಿ ಸೇರಿಸಿ ಕಾಲೇಜಿಗೆ ಕಳಿಸಿದೆವು.

ಒಲೆಯ ಮುಂದೆ ನಿಂತಿದ್ದ ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಇನ್ನು ಬೈಗುಳ ಶುರು ಅಂದುಕೊಂಡೆ.

"ಕಾಲೇಜಿಗೆ ಸರಿ ಮಾಡಿದ್ರಲ್ಲ, ಅಷ್ಟು ಸಾಕು ರೀ," ಎಂದಳು. "ನಮ್ಮಣ್ಣಂಗೆ ಹೇಳಿರೋ ಸಂಬಳ ಹಾಗೇ ಇರ್ಲಿ."